ಭಾರದ ಪಿಸ್ತೂಲೇ ಇರಲಿ ನನಗೆ

"ಪಿಸ್ತೂಲು ಆರಿಸೋವಾಗ ಗಂಡಸರನ್ನು ಕೇಳಬೇಡ. ಒಳ್ಳೇದನ್ನು ತಾವು ಇಟ್ಟುಕೊಂಡು, ನಿನಗೆ ಇಷ್ಟು ಸಾಕು ಅಂತ ಇನ್ನೊಂದು ತೋರಿಸ್ತಾರೆ." ಈ ಮಾತನ್ನು ನನಗೆ ಮೊದಲು ಹೇಳಿದವಳು ನಮ್ಮ ಶೂಟಿಂಗ್ ಕ್ಲಬ್ಬಿನಲ್ಲಿ ಸ್ಕೋರು ಬರೆಯುವ ಅಮೆರಿಕನ್ ಅಜ್ಜಿ. ಆಗ ನಕ್ಕುಬಿಟ್ಟಿದ್ದೆ. ಆಮೇಲೆ ಒಂದರ ಹಿಂದೊಂದು ಹಾಗೇ ಆಗತೊಡಗಿತು.

ಎಂಬತ್ತರ ದಶಕದ ನಡುವಿನ ಮಾತು. ನಮ್ಮ ಮನೆ ಅಮೆರಿಕದ ಫಾಸ್ಟರ್ ಸಿಟಿಯಲ್ಲಿ. ಮೈಸೂರಿನ ಕಾಲೇಜಿನಲ್ಲಿ ಎನ್‌ಸಿಸಿ ರೈಫಲಿನಿಂದ ಗುರಿ ಹೊಡೆದಿದ್ದೆ; ಇಲ್ಲಿ ಲ್ಯಾಬಿನಲ್ಲಿ ದಿನವಿಡೀ ಪಿಪೆಟ್ ಹಿಡಿದು ಕೈ ಅಲುಗದ ಅಭ್ಯಾಸವೂ ಆಗಿತ್ತು. ಹೀಗಾಗಿ ಬುಲ್ಸ್‌ಐ ಅನ್ನೋ ಆಟಕ್ಕೆ ಮನಸೋತೆ. ಒಂದೇ ಕೈಯಲ್ಲಿ ಪಿಸ್ತೂಲು ಚಾಚಿ, ದೂರದ ಕಾಗದದ ಮೇಲಿನ ಕಪ್ಪು ವೃತ್ತದ ನಡುವಿಗೆ ಹೊಡೆಯಬೇಕು. ಇನ್ನೊಂದು ಕೈ ಸಹಾಯಕ್ಕೆ ಬರುವಂತಿಲ್ಲ.

ಕ್ಲಬ್ಬಿನ ನಾಲ್ಕು ಜನರ ತಂಡದಲ್ಲಿ ಒಂದು ಜಾಗ ಖಾಲಿಯಾಯಿತು. ಅಕ್ಟೋಬರಿನಲ್ಲಿ ಆಯ್ಕೆ, ಸ್ವಂತ ಪಿಸ್ತೂಲು ಇರಬೇಕು. ಅದುವರೆಗೆ ಆ ತಂಡದಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ನನಗೆ ಆ ಜಾಗ ಬೇಕಿತ್ತು. ತಂಡದ ನಾಯಕ ಒಬ್ಬ ನಿವೃತ್ತ ಪೋಸ್ಟ್‌ಮನ್. ಕೇಳದೇನೇ ತೀರ್ಪು ಕೊಟ್ಟ: "ಹಗುರದ್ದು ತಗೋ. ಭಾರದ್ದಾದರೆ ಐದನೇ ಗುಂಡಿಗೇ ನಿನ್ನ ಕೈ ಬೀಳುತ್ತೆ."

ಅಂಗಡಿಯವನು

ಸ್ಯಾನ್ ಹೋಸೆಯ ಒಂದು ಅಂಗಡಿಗೆ ಹೋದೆವು. ಕಾರು ಓಡಿಸಿದ್ದು ನಾನು, ಚೆಕ್ಕು ನನ್ನದು, ಆದರೆ ಅಂಗಡಿಯವನು ಮಾತಾಡಿದ್ದೆಲ್ಲ ನಮ್ಮ ಯಜಮಾನರ ಜೊತೆ. ಇವರೋ ಗೋಡೆಗೆ ಮೊಳೆ ಹೊಡೆಯುವುದಕ್ಕೂ ನನ್ನನ್ನೇ ಕರೆಯುವ ಪ್ರಾಣಿ.

"ಮೇಡಮ್ಮಿಗೆ ಯಾತಕ್ಕೆ? ಕಳ್ಳರ ಭಯವಾ?" ಅಂತ ಅವನು ಇವರನ್ನು ಕೇಳಿದ.

"ಕಾಗದಕ್ಕೆ ಹೊಡೆಯೋದಕ್ಕೆ," ಅಂದೆ ನಾನು.

ಅವನು ಡ್ರಾಯರಿನಿಂದ ಅಂಗೈಯಷ್ಟುದ್ದದ ಒಂದನ್ನು ತೆಗೆದ. "ಇದು ನೋಡಿ, ಪರ್ಸಿನಲ್ಲೇ ಹೋಗುತ್ತೆ."

"ಪರ್ಸಿನಲ್ಲಿ ಜಾಗ ಇಲ್ಲ," ಅಂದೆ. "ಇಡ್ಲಿ ಡಬ್ಬಿ ಇದೆ."

ಕೊನೆಗೆ ಗಾಜಿನ ಕಪಾಟಿನಿಂದ ಎರಡು ಹಳೇ ಪಿಸ್ತೂಲು ಹೊರಬಂದವು. ಎರಡೂ ಸಣ್ಣ ಗುಂಡಿನವು, ಎರಡೂ ತಮ್ಮ ಕಾಲದಲ್ಲಿ ಹೆಸರು ಮಾಡಿದವು. ಒಂದು ಹಗುರ, ತೆಳ್ಳಗಿನ ಚೆಲುವೆ. ಇನ್ನೊಂದಕ್ಕೆ ಉದ್ದನೆಯ ನಳಿಗೆ, ದಪ್ಪ ಮರದ ಹಿಡಿ, ಒಂದೂಕಾಲು ಕಿಲೋ ತೂಕ. ಅಂಗಡಿಯ ಹಿಂದೆ ಗುರಿ ಹೊಡೆದು ನೋಡುವ ರೇಂಜಿನಲ್ಲಿ ಎರಡನ್ನೂ ಚಾಚಿ ನೋಡಿದೆ. ಹಗುರದ್ದರ ತುದಿ ಫ್ಯಾನಿನ ಕೆಳಗಿಟ್ಟ ದೀಪದ ಹಾಗೆ ಕುಣಿಯಿತು. ಭಾರದ್ದು ರಸ್ತೆ ನಡುವೆ ನಿಂತ ಎಮ್ಮೆಯ ಹಾಗೆ, ನಿಂತಲ್ಲಿ ನಿಂತಿತು.

"ಎಮ್ಮೆ ಕೊಡಿ," ಅಂದೆ.

ಅಂಗಡಿಯವನು ಇವರ ಮುಖ ನೋಡಿದ. ಇವರು ಹೇಳಿದರು: "ನನ್ನನ್ನೇನು ನೋಡ್ತೀರಿ? ನಮ್ಮ ಮದುವೆ ಸೀರೇನೂ ಅವಳೇ ಆರಿಸಿದ್ದು, ನಾನು ಬರೀ ಹೊತ್ತುಕೊಂಡು ಬಂದೆ."

ಚೊಂಬು

ಇಲ್ಲಿಯ ಕಾನೂನಿನ ಪ್ರಕಾರ ಪಿಸ್ತೂಲು ಕೈಗೆ ಬರೋದಕ್ಕೆ ಎರಡು ವಾರ ಕಾಯಬೇಕು. ಅಷ್ಟು ದಿನ ಕೈಗೆ ಭಾರ ರೂಢಿಯಾಗಲಿ ಅಂತ ಬೆಳಿಗ್ಗೆ ಬೆಳಿಗ್ಗೆ ಹಿತ್ತಾಳೆ ಚೊಂಬಿಗೆ ನೀರು ತುಂಬಿ, ಮನೆ ಹಿಂದೆ ಕೆರೆಯ ಹಾಗಿದ್ದ ಲಗೂನಿನ ಕಡೆಯ ಕಿಟಕಿ ಮುಂದೆ ತೋಳು ಚಾಚಿ ನಿಲ್ಲುತ್ತಿದ್ದೆ. ಮಗಳು ಸೀರಿಯಲ್ ತಿನ್ನುತ್ತಾ ಗೋಗರೆದಳು: "ಅಮ್ಮ, ಪ್ಲೀಸ್! ಪೀಪಲ್ ಕ್ಯಾನ್ ಸೀ ಯೂ!"

"ನೋಡ್ಲಿ ಬಿಡು," ಅಂದೆ.

ನೋಡಿದರು. ಲಗೂನಿನ ಆಚೆ ದಡದ ಮುದುಕ ನಾಲ್ಕನೇ ದಿನ ಕೈ ಬೀಸಿದ. ಐದನೇ ದಿನ ಕಾಫಿ ಮಗ್ಗು ಎತ್ತಿ ತೋರಿಸಿದ. ಎರಡನೇ ವಾರ ಹೆಂಡತಿಯನ್ನೂ ಕರೆದುಕೊಂಡು ಬಂದ. ಇಬ್ಬರೂ ಮಗ್ಗು ಚಾಚಿ, ನಾನು ಇಳಿಸುವವರೆಗೂ ಇಳಿಸದೆ ನಿಂತರು.

ಡಾಕ್ಟರು

ನಮ್ಮ ಕಡೆಯವರೆಲ್ಲ ಅಡಿಗೆ ಮಾಡಿ ತಂದು ಸೇರುವ ಪಾಟ್‌ಲಕ್ಕಿನಲ್ಲಿ ಸುದ್ದಿ ಹಬ್ಬಿತು. ಮಂಗಳೂರಿನ ಡಾಕ್ಟರೊಬ್ಬರು ಎಲ್ಲರ ಮುಂದೆ ಶುರು ಮಾಡಿದರು: "ಅಲ್ಲ ಮಾರಾಯ್ರೆ, ಈ ಪ್ರಾಯದಲ್ಲಿ ಅಷ್ಟು ಭಾರ ಒಂದೇ ಕೈಯಲ್ಲಾ? ಭುಜ ಹೋಗ್ತದೆ. ಹೆಂಗಸರ ಮೂಳೆ ಸೂಕ್ಷ್ಮ."

ಆಗ ನಾನು ನಲವತ್ತು ಜನಕ್ಕೆ ಮಾಡಿದ ಬಿಸಿಬೇಳೆಬಾತಿನ ಪಾತ್ರೆಯಿಂದ ಬಡಿಸುತ್ತಿದ್ದೆ. "ಡಾಕ್ಟ್ರೇ, ಈ ಪಾತ್ರೆ ಸ್ವಲ್ಪ ಆ ಟೇಬಲ್ಲಿಗೆ ಇಡ್ತೀರಾ?" ಅಂದೆ.

ಅವರು ಎರಡೂ ಕೈ ಹಾಕಿದರು. ಅರ್ಧ ಅಡಿ ಎತ್ತಿ, ಇಳಿಸಿ, ಸೊಂಟ ಹಿಡಿದುಕೊಂಡರು.

"ಕಾರಿನಿಂದ ಇದನ್ನು ತಂದವರು ಯಾರು?"

"ನಾನೇ," ಅಂದೆ. "ನಿಮ್ಮ ಸೊಂಟಕ್ಕೆ ಮುಲಾಮು ತರ್ಲಾ, ಇನ್ನೊಂದು ಸೌಟು ಬಡಿಸ್ಲಾ?" ಎರಡೂ ಬೇಕೆಂದರು.

ಆಯುಧಪೂಜೆ

ಪಿಸ್ತೂಲು ಬಂತು. ಆಯ್ಕೆಯ ಹಿಂದಿನ ದಿನವೇ ಆಯುಧಪೂಜೆ. ಊರಿಂದ ಬಂದಿದ್ದ ಅತ್ತೆ ಕಾರಿಗೆ, ಹೊಲಿಗೆ ಮಿಷನ್ನಿಗೆ ಪೂಜೆ ಮಾಡಿ, "ಅದನ್ನೂ ತಾ" ಅಂದರು.

"ಅದು ಬೇಡ ಅಮ್ಮ, ನಾಳೆ ಬೇಕು."

"ಇಷ್ಟು ವರ್ಷ ಮಿಕ್ಸಿಗೆ ಆಯುಧಪೂಜೆ ಮಾಡಿದ್ದೀನಿ ಕಣೇ. ಈಗ ನಿಜವಾದ ಆಯುಧ ಮನೆಗೆ ಬಂದಿದೆ, ಬಿಡ್ತೀನಾ?"

ಗುಂಡೆಲ್ಲ ಬೀಗದಲ್ಲಿಟ್ಟು, ಖಾಲಿ ಪಿಸ್ತೂಲನ್ನು ಮಣೆಯ ಮೇಲಿಟ್ಟೆ. ಗಂಧ, ಕುಂಕುಮ, ಸೇವಂತಿಗೆ ಎಲ್ಲ ಆಯಿತು. ಆಮೇಲೆ ಹೂವು ತೆಗೆದು, ನಳಿಗೆ ಒರೆಸಿ, ಪೆಟ್ಟಿಗೆಯಲ್ಲಿಟ್ಟೆ.

ಮರುದಿನ ಆಯ್ಕೆಯಲ್ಲಿ ಮೊದಲು ಹತ್ತು ಗುಂಡು, ಹತ್ತು ನಿಮಿಷ. ಸೀಟಿ ಊದಿದರು. ತೋಳು ಚಾಚಿದೆ. ಪಿಸ್ತೂಲಿನ ಹಿಂತುದಿಯಲ್ಲಿ ಗುರಿ ನೋಡುವ ಪಟ್ಟಿಯ ಸಣ್ಣ ಸೀಳಿನಲ್ಲಿ ಕಣ್ಣಿಟ್ಟರೆ ಸೀಳೇ ಇಲ್ಲ! ಅತ್ತೆಯ ಗಂಧ ಅದರೊಳಗೆ ತುಂಬಿಕೊಂಡು, ಒಣಗಿ, ಸಿಮೆಂಟಾಗಿತ್ತು. ಪಿಸ್ತೂಲು ಇಳಿಸಿದೆ.

ಹಿಂದಿನಿಂದ ನಾಯಕ: "ಭಾರ ಆಯ್ತಾ? ನಾನು ಮೊದಲೇ ಹೇಳಿದ್ದೆ."

"ಭಾರ ಅಲ್ಲ, ಗಂಧ," ಅಂದೆ. ಅವನಿಗೆ ಏನು ತಿಳಿಯಬೇಕು ಪಾಪ.

ಮ್ಯಾಗಜೀನು ಕಳಚಿ, ಗುಂಡು ತೆಗೆದು, ಮೂತಿ ಗುರಿಯ ಕಡೆಗೇ ಇರುವಂತೆ ಕಟ್ಟೆಯ ಮೇಲಿಟ್ಟೆ. ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ಕೆರೆದೆ. ನಾಲ್ಕು ನಿಮಿಷ ಹೋಯಿತು. ನಳಿಗೆಯ ಮುಂತುದಿಯಲ್ಲಿ ಗುರಿಗೆ ಹೊಂದಿಸುವ ಮೊನೆಯ ಮೇಲೂ ಒಂದು ಕುಂಕುಮದ ಬೊಟ್ಟು ಕಂಡಿತು. ಅದನ್ನು ಕೆರೆಯಲು ಸಮಯವಿರಲಿಲ್ಲ, ಬಿಟ್ಟೆ. ಎತ್ತಿ ನೋಡಿದರೆ ಕಪ್ಪು ವೃತ್ತದ ಮೇಲೆ ಆ ಕೆಂಪು ಚುಕ್ಕೆ ಬೆಳಗಿನ ಸೂರ್ಯನ ಹಾಗೆ ಎದ್ದು ಕಾಣುತ್ತಿದೆ! ಎಮ್ಮೆ ಅಲುಗಲಿಲ್ಲ. ಐದನೇ ಗುಂಡಿಗೂ ಕೈ ಬೀಳಲಿಲ್ಲ, ಹತ್ತನೆಯದಕ್ಕೂ ಬೀಳಲಿಲ್ಲ. ಸಂಜೆಯ ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ.

ನಾಯಕ ಪಿಸ್ತೂಲಿನ ತುದಿಯನ್ನು ದಿಟ್ಟಿಸಿ ಕೇಳಿದ: "ಈ ಕೆಂಪು ಪೇಂಟ್ ಎಲ್ಲಿ ಸಿಗುತ್ತೆ?"

"ಅಂಗಡಿಯಲ್ಲಿ ಸಿಗಲ್ಲ. ನಮ್ಮ ಅತ್ತೆ ಹಚ್ಚಬೇಕು."

ಮೊದಲ ಪಂದ್ಯದ ದಿನ ಅತ್ತೆ ಕುಂಕುಮದ ಭರಣಿ ಸಮೇತ ಬಂದರು. ಕ್ಲಬ್ಬಿನ ಮೇಜಿನ ಮೇಲೆ ಮೂರು ಖಾಲಿ ಪಿಸ್ತೂಲು. ಅವುಗಳ ಹಿಂದೆ ತಂಡದ ಉಳಿದ ಮೂವರು ಧಡೂತಿ ಗಂಡಸರು, ಬೂಟು ಬಿಚ್ಚಿ, ಟೋಪಿ ಕೈಯಲ್ಲಿ ಹಿಡಿದು ಸಾಲಾಗಿ ನಿಂತಿದ್ದರು. ಅತ್ತೆ ಭರಣಿ ತೆರೆಯಲಿಲ್ಲ. ನಾಯಕನ ಕಾಲನ್ನೇ ನೋಡುತ್ತಿದ್ದರು.

"ಏನಂತೆ?" ಅಂತ ಅವನು ಮೆಲ್ಲಗೆ ನನ್ನನ್ನು ಕೇಳಿದ.

ಅತ್ತೆ ಹೇಳಿದರು: "ಸಾಕ್ಸೂ ತೆಗೀಬೇಕು ಅಂತ ಹೇಳೇ ಅವನಿಗೆ."

ಹೇಳಿದೆ. ತೆಗೆದ. ಅಕ್ಟೋಬರಿನ ತಣ್ಣನೆ ಸಿಮೆಂಟಿನ ಮೇಲೆ ಬರಿಗಾಲಲ್ಲಿ ನಿಂತು ತಲೆಯನ್ನೂ ಬಗ್ಗಿಸಿದ.

ಯಾರಾದರೂ ಒಬ್ಬ ಹೆಣ್ಣುಮಗಳಿಗೆ "ನಿನಗೆ ಹಗುರದ್ದೇ ಸಾಕು" ಅಂದದ್ದು ನಿಮ್ಮ ಕಿವಿಗೆ ಬಿದ್ದರೆ, ದಯವಿಟ್ಟು ಈ ಸಾಕ್ಸಿನ ವಿಷಯ ಅವಳಿಗೆ ಮುಟ್ಟಿಸಿ.