ಇಪ್ಪತ್ತನಾಲ್ಕು ಬಾಟಲಿಗಳ ತ್ರೈರಾಶಿ

ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಗಣಿತ ಕಲಿಸಿದವನು ನಾನು. ಅಂಥವನಿಗೆ ಮನೆಯಲ್ಲೇ ಬೆಳೆದ ಟೊಮೇಟೊ ಹಣ್ಣುಗಳನ್ನು ಬೇಯಿಸಿ ಬಾಟಲಿಗೆ ತುಂಬಿಡುವುದು ಯಾವ ಮಹಾವಿದ್ಯೆ? ಹೀಗೆಂದು, ಸೌಟನ್ನು ರಾಜದಂಡದಂತೆ ಹಿಡಿದು, ಅಡುಗೆಮನೆಯ ನಡುವೆ ನಿಂತು ಘೋಷಿಸಿಬಿಟ್ಟೆ!

ತಾರಸಿಯ ಕುಂಡಗಳಲ್ಲಿ ನಾನು ಸಾಕಿದ ಗಿಡಗಳು ಆ ವಾರ ಒಟ್ಟಿಗೇ ಹಣ್ಣಾಗಿದ್ದವು. ಬಟ್ಟೆ ಒಣಹಾಕಲು ಜಾಗವೇ ಇಲ್ಲವೆಂದು ನನ್ನಾಕೆಗೆ ಮೊದಲಿನಿಂದಲೂ ಆ ಗಿಡಗಳ ಮೇಲೆ ಕೋಪ. ಅಂದು ಬೆಳಿಗ್ಗೆ ಅಕ್ಕನ ಮನೆಗೆ ಹೊರಟವಳು ಬಾಗಿಲಲ್ಲೇ ತೀರ್ಪು ಕೊಟ್ಟಳು.

"ನೋಡ್ರೀ, ಸಂಜೆ ನಾನು ಬರೋಷ್ಟರಲ್ಲಿ ಒಂದು ಹಣ್ಣೂ ಹಾಳಾಗಿರಬಾರದು, ನನ್ನ ಅಡುಗೆಮನೆ ಇದ್ದ ಹಾಗೇ ಇರಬೇಕು. ಇಲ್ದಿದ್ರೆ ನಾಳೆ ನಿಮ್ಮ ಕುಂಡಗಳೆಲ್ಲ ಗೇಟಿನಾಚೆ!"

"ನೆಮ್ಮದಿಯಾಗಿ ಹೋಗ್ಬಾರೇ. ಬಂದಾಗ ನೀನೇ ಬೆರಗಾಗ್ತೀಯ!"

"ಅದೇ ಕಣ್ರೀ ನನ್ನ ಭಯ."

ಒಂದು ಬಾಟಲಿಗೆ ಹಣ್ಣು ತುಂಬಿ ನೋಡಿದೆ. ಎಂಟು ಹಿಡಿದವು. ಒಟ್ಟು ಹಣ್ಣು ನೂರತೊಂಬತ್ತೆರಡು. ಹಾಕಿದೆ ತ್ರೈರಾಶಿ! ಬೇಕಾದ ಬಾಟಲಿಗಳು ಇಪ್ಪತ್ತನಾಲ್ಕು. ಖಾಲಿ ಇದ್ದವು ನಾಲ್ಕೇ. ಉಳಿದ ಇಪ್ಪತ್ತು ಬಾಟಲಿಗಳು ಉಪ್ಪು, ಸಕ್ಕರೆ, ಹಿಟ್ಟು, ಸೋಡಾಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಕಪಾಟಿನಲ್ಲಿ ಸಾಲಾಗಿ ನಿಂತಿದ್ದವು. ಎಲ್ಲವನ್ನೂ ಕಾಗದದ ಪೊಟ್ಟಣಗಳಿಗೆ ವರ್ಗಾಯಿಸಿದೆ. ಒಂದೊಂದರ ಮೇಲೂ ಶಾಯಿ ಪೆನ್ನಿನಿಂದ ದುಂಡಗೆ ಹೆಸರು ಬರೆದು ಒಲೆಯ ಪಕ್ಕ ಜೋಡಿಸಿದೆ. ಬಾಟಲಿಗಳನ್ನು ಉಜ್ಜಿ ತೊಳೆದೆ. ಶಿಸ್ತು ಎಂದರೆ ಶಿಸ್ತು!

ಹಣ್ಣುಗಳನ್ನು ಬಿಸಿನೀರಿಗೆ ಹಾಕಿ, ಸಿಪ್ಪೆ ಸುಲಿದು, ದೊಡ್ಡ ಹಂಡೆಯಲ್ಲಿ ಕುದಿಯಲು ಇಟ್ಟೆ. ಧೂಳು ಬೀಳದಿರಲೆಂದು ಕಿಟಕಿಗಳನ್ನೆಲ್ಲ ಭದ್ರವಾಗಿ ಮುಚ್ಚಿದೆ. ಗಟ್ಟಿಯಾಗಲಿ, ಇನ್ನೂ ಗಟ್ಟಿಯಾಗಲಿ ಎಂದು ಮೂರು ಗಂಟೆ ಕದಡಿದೆ. ಆವಿಯಲ್ಲಿ ನನ್ನ ಕೈಯೇ ನನಗೆ ಕಾಣದಾಯಿತು.

ಕೊನೆಗೆ ತುಂಬಿದೆ. ಒಂದು ಬಾಟಲಿ, ಎರಡು, ಮೂರು, ನಾಲ್ಕು. ಹಂಡೆ ಖಾಲಿ!

ನೂರತೊಂಬತ್ತೆರಡು ಹಣ್ಣುಗಳು ನಾಲ್ಕೇ ಬಾಟಲಿಯಲ್ಲಿ ಅಡಗಿದ್ದವು. ಆವಿಯಾಗಿ ಹೋಗುವ ನೀರಿಗೆ ನನ್ನ ತ್ರೈರಾಶಿಯಲ್ಲಿ ಜಾಗವೇ ಇರಲಿಲ್ಲ. ಆ ನಾಲ್ಕನ್ನು ಮುಚ್ಚಳ ಹಾಕಿ ನೀರಿನಲ್ಲಿ ಕುದಿಸಿ ತೆಗೆದಿಟ್ಟೆ. ಆರುತ್ತಿದ್ದಂತೆ ಮುಚ್ಚಳಗಳು ಟಕ್, ಟಕ್ ಎಂದು ಒಳಕ್ಕೆ ತಗ್ಗಿ ಗಾಳಿಯಾಡದಂತೆ ಕೂತವು. ಪಕ್ಕದಲ್ಲಿ ಇಪ್ಪತ್ತು ಖಾಲಿ ಬಾಟಲಿಗಳು ನನ್ನನ್ನೇ ನೋಡುತ್ತಿದ್ದವು.

ಇರಲಿ, ಸಾಮಾನುಗಳನ್ನು ಮತ್ತೆ ತುಂಬಿದರಾಯಿತು ಎಂದು ಪೊಟ್ಟಣಗಳತ್ತ ತಿರುಗಿದೆ. ಅಯ್ಯೋ! ಆವಿಗೆ ಶಾಯಿಯೆಲ್ಲ ಕರಗಿ ಇಪ್ಪತ್ತೂ ಪೊಟ್ಟಣಗಳ ಮೇಲೆ ಒಂದೇ ನೀಲಿ ಕಲೆ! ಆ ಕ್ಷಣಕ್ಕೇ ಬಾಗಿಲ ಗಂಟೆ ಹೊಡೆದುಕೊಳ್ಳಬೇಕೆ? ನನ್ನಾಕೆಯ ಜೊತೆಗೆ ಅವಳ ಅಕ್ಕನೂ ಬಂದಿದ್ದರು.

ನನ್ನಾಕೆ ಕೂಗಾಡಲಿಲ್ಲ. ಕುರ್ಚಿ ಎಳೆದು ನನ್ನನ್ನು ಕೂರಿಸಿದಳು. ಒಂದೊಂದೇ ಪೊಟ್ಟಣ ತಂದು ಮುಂದಿಟ್ಟಳು.

"ಹೇಳಿ, ಇದೇನು?"

"ಸಕ್ಕರೆ ಪುಡಿ."

"ನೆಕ್ಕಿ ನೋಡಿ."

"ಥೂ! ಉಪ್ಪು!"

"ಇದು?"

"ಮೈದಾ ಹಿಟ್ಟು. ಅನುಮಾನವೇ ಇಲ್ಲ!"

"ಬಾಯಿಗೆ ಹಾಕ್ಬೇಡಿ! ಅದು ಬೆಳ್ಳಿ ಉಜ್ಜೋ ಪುಡಿ!"

ಮೂರನೆಯದನ್ನು ಮೂಗಿನಿಂದಲೇ ಪರೀಕ್ಷಿಸುವ ಜಾಣತನ ತೋರಿದೆ. ಅದು ಮೆಣಸಿನ ಪುಡಿ. ನನ್ನ ಸೀನಿಗೆ ಎದುರಿನ ಅಕ್ಕಿಹಿಟ್ಟಿನ ಪೊಟ್ಟಣ ಹಾರಿ, ಅಕ್ಕ ಅಡಿಯಿಂದ ಮುಡಿಯವರೆಗೆ ಬೆಳ್ಳಗಾದರು.

ಎಲ್ಲ ಪೊಟ್ಟಣಗಳೂ ಮುಗಿದಾಗ, "ಇಪ್ಪತ್ತಕ್ಕೆ ಎಷ್ಟು ಬಂತೇ?" ಎಂದರು ಅಕ್ಕ, ಇನ್ನೂ ರೆಪ್ಪೆ ಒರೆಸಿಕೊಳ್ಳುತ್ತ.

"ಆರು."

"ಪಾಪ, ಮೇಷ್ಟ್ರನ್ನ ಈ ಸಲ ಅದೇ ಕ್ಲಾಸಲ್ಲೇ ಕೂರಿಸು."

ಎಷ್ಟು ಮಕ್ಕಳನ್ನು ನಾನು ಹೀಗೆ ಪ್ರಶ್ನೆ ಕೇಳಿ ಪೇಚಿಗೆ ಸಿಲುಕಿಸಿದ್ದೇನೋ! ಅವರೆಲ್ಲರ ಕ್ಷಮೆಯನ್ನು ಅಲ್ಲಿಯೇ ಮನಸ್ಸಿನಲ್ಲಿ ಬೇಡಿದೆ.

ಆಮೇಲೆ ನನ್ನಾಕೆ ಒಂದು ಬಾಟಲಿ ತೆರೆದು, ಚಮಚದಲ್ಲಿ ರುಚಿ ನೋಡಿದಳು. ನನ್ನ ಕುಂಡಗಳ ಹಣೆಬರಹ ಆ ಚಮಚದಲ್ಲಿತ್ತು. ಅವಳು ಇನ್ನೊಂದು ಚಮಚ ತಿಂದಳು.

"ಕುಂಡಗಳು ತಾರಸಿ ಮೇಲೇ ಇರ್ಲಿ ಬಿಡಿ."

"ನೋಡಿದೆಯಾ!" ಎಂದು ನಾನು ಎದ್ದೇ ನಿಂತೆ. "ರುಚಿ ಅಂದ್ರೆ ಹಾಗಿರಬೇಕು! ಕೊನೆಗೂ ಒಪ್ಕೊಂಡೆ!"

"ರುಚಿಗಲ್ಲ ಕಣ್ರೀ," ಎಂದಳು ಅವಳು, ಬಾಟಲಿಯ ಮುಚ್ಚಳ ತಿರುಗಿಸುತ್ತ. "ಅವನ್ನ ತೆಗೆದುಬಿಟ್ರೆ ನೀವು ಇಡೀ ದಿನ ಕೆಳಗೇ ಇರ್ತೀರಲ್ಲ!"