ಮಾವನ ಜಾರುವ ಸೂರು

ನಮ್ಮ ಸೋದರಮಾವ ಜೀವಮಾನದಲ್ಲಿ ನಕ್ಷತ್ರ ನೋಡಿದ್ದಕ್ಕಿಂತ ತಗಡು ನೋಡಿದ್ದೇ ಹೆಚ್ಚು. ಹೀಗೆಂದ ಮಾತ್ರಕ್ಕೆ ಅವರನ್ನು ತಗಡಿನ ವ್ಯಾಪಾರಿಯೆಂದು ತಿಳಿಯಬೇಡಿ. ಗುಬ್ಬಿ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು ಅವರು. 1991ರಲ್ಲಿ ಮನೆಯ ಹಿತ್ತಲಿನಲ್ಲಿ ಒಂದು ವೀಕ್ಷಣಾಲಯ ಕಟ್ಟಿದರು. ವೀಕ್ಷಣಾಲಯ ಎಂಬುದು ಮಾವ ಇಟ್ಟ ಹೆಸರು. ಅತ್ತೆ ಅದನ್ನು ಕೋಳಿಗೂಡು ಎನ್ನುತ್ತಿದ್ದರು. ಇಬ್ಬರೂ ಕೊನೆಯವರೆಗೂ ಹೆಸರು ಬದಲಿಸಲಿಲ್ಲ.

ಎದೆಮಟ್ಟದ ಇಟ್ಟಿಗೆ ಗೋಡೆ, ಅದರ ಮೇಲೆ ತಗಡಿನ ಸೂರು. ಸೂರಿಗೆ ನಾಲ್ಕು ಗಾಲಿ, ಗಾಲಿಗೆ ಎರಡು ಕಬ್ಬಿಣದ ಹಳಿ. ತಳ್ಳಿದರೆ ಇಡೀ ಸೂರು ಬಚ್ಚಲುಮನೆಯ ಕಡೆಗೆ ಜಾರಿ ಒಳಗಿನ ದುರ್ಬೀನಿಗೆ ಆಕಾಶ ತೆರೆದುಕೊಳ್ಳುತ್ತಿತ್ತು. ದುರ್ಬೀನಿನ ಕನ್ನಡಿಯನ್ನು ಮಾವ ಹನ್ನೊಂದು ತಿಂಗಳು ಜಗಲಿಯಲ್ಲಿ ಕೂತು ಗಾಜಿನ ಮೇಲೆ ಗಾಜು ಉಜ್ಜಿ ತಾವೇ ಮಾಡಿಕೊಂಡಿದ್ದರು. ಅಷ್ಟು ಸೂಕ್ಷ್ಮ ಕೆಲಸ ಮಾಡಿದ ಮನುಷ್ಯನಿಗೆ ಹಿತ್ತಲಿನಲ್ಲಿ ನಾಲ್ಕು ತೆಂಗಿನ ಮರಗಳಿವೆ ಎಂಬುದು ಮಾತ್ರ ಹೇಗೆ ಮರೆತುಹೋಯಿತೋ!

ಮೊದಲ ಕಾಯಿ ಬಿದ್ದದ್ದು ಮೊದಲ ವಾರದಲ್ಲೇ. ಮಾವ ದಿನಾ ನೋಡಿದ್ದನ್ನು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಆ ದಿನ, ಪಶ್ಚಿಮದಿಂದ ಒಂದು ಕಾಯ ಬಂದು ಅಪ್ಪಳಿಸಿತು ಎಂದು ಬರೆದರು. ಅತ್ತೆ ಓದಿ, ಅದು ಕಾಯ ಅಲ್ಲ, ಕಾಯಿ, ಚಟ್ನಿ ಅರೆದಾಯಿತು ಎಂದರು. ಚಟ್ನಿ ಒಂದು ಹೊತ್ತಿಗೆ ಮುಗಿಯಿತು. ತಗಡು ತಗ್ಗಿದ ಜಾಗದಲ್ಲಿ ನೀರು ನಿಂತು, ತುಕ್ಕು ಹಿಡಿದು, ತೂತಾಗಿ, ಸೋರಲು ಶುರುವಾದದ್ದು ಹದಿಮೂರು ವರ್ಷವಾದರೂ ನಿಲ್ಲಲಿಲ್ಲ.

ಮೊದಲು ಸೈಕಲ್ ಟ್ಯೂಬು ಕತ್ತರಿಸಿ, ಸಲ್ಯೂಷನ್ ಹಚ್ಚಿ ಅಂಟಿಸಿದರು. ಕೋತಿಗಳು ಬಂದು ಒಂದೊಂದೇ ಕಿತ್ತು ಪರೀಕ್ಷಿಸಿ ಎಸೆದುಹೋದವು. ಆಮೇಲೆ ಗೋಣಿಚೀಲ ಹಾಸಿ ಡಾಂಬರು ಬಳಿದರು. ಮಳೆಗಾಲವೆಲ್ಲ ಒಂದು ಹನಿ ಒಳಗೆ ಬರಲಿಲ್ಲ. ಬೇಸಿಗೆ ಬಂತು. ಡಾಂಬರು ಕರಗಿ ಹಳಿಗಿಳಿದು, ಗಾಲಿಗಳನ್ನು ಹಿಡಿದುಕೊಂಡು ಗಟ್ಟಿಯಾಯಿತು. ಅದು 1997, ಬರಿಗಣ್ಣಿಗೆ ಕಾಣುವ ಬಾಲದ ಚುಕ್ಕಿ ಬಂದಿದ್ದ ದಿನಗಳು. ಗುಬ್ಬಿಯ ಬೀದಿಬೀದಿಯಲ್ಲೂ ಜನ ತಲೆಯೆತ್ತಿ ನಿಂತು ಅದನ್ನು ನೋಡಿದರು. ಊರಿಗೊಬ್ಬರೇ ಆದ ನಮ್ಮ ಖಗೋಳಜ್ಞರು ತಲೆ ತಗ್ಗಿಸಿ, ದೋಸೆ ಮಗುಚುವ ಸಟ್ಟುಗದಿಂದ ಡಾಂಬರು ಕೆರೆಯುತ್ತಿದ್ದರು.

ಒಮ್ಮೆ ಅತ್ತೆಯ ತವರು ಕುಣಿಗಲ್ಲಿಗೆ ಹೋದಾಗ ಎಲ್ಲರೂ ಮಾರ್ಕೋನಹಳ್ಳಿ ಜಲಾಶಯ ನೋಡಲು ಹೊರಟೆವು. ನಾವು ನೀರು ನೋಡಿದೆವು. ಮಾವ ನೀರು ಬಿಡುವ ಬಾಗಿಲ ಹತ್ತಿರ ಹೋಗಿ, ಇಷ್ಟು ನೀರು ಒತ್ತಿದರೂ ಇದರ ಅಂಚು ಯಾಕೆ ಸೋರುವುದಿಲ್ಲ ಎಂದು ಕಾವಲುಗಾರನನ್ನು ವಿಚಾರಿಸತೊಡಗಿದರು. ಅವನಿಗೆ ಅನುಮಾನ ಬಂತು. ತಾವು ಯಾವ ಇಲಾಖೆಯವರು ಎಂದು ಕೇಳಿದ. ಮಾವ ಗಂಭೀರವಾಗಿ, ಖಗೋಳ ಎಂದರು. ಅವನು ಅದನ್ನು ಭೂಗೋಳ ಎಂದು ಕೇಳಿಸಿಕೊಂಡು, ಮೇಷ್ಟ್ರಿರಬೇಕೆಂದು ನಮಸ್ಕಾರ ಮಾಡಿ, ಅಂಚಿನ ದಪ್ಪ ರಬ್ಬರ್ ಪಟ್ಟಿಯನ್ನು ಬೆರಳಿಟ್ಟು ತೋರಿಸಿದ. ಮರುವಾರವೇ ವೀಕ್ಷಣಾಲಯಕ್ಕೂ ರಬ್ಬರ್ ಪಟ್ಟಿ ಬಂತು. ಅಲ್ಲಿಗೆ ಅಂಚು ಸೋರುವುದು ನಿಂತು ನಡುಮಧ್ಯ ಸೋರತೊಡಗಿತು.

ಇದಿಷ್ಟೂ ನಮ್ಮ ಮನೆಯ ಮದುವೆ ಮುಂಜಿಗಳಲ್ಲಿ ಊಟದ ಪಂಕ್ತಿಗೆ ಬಡಿಸುತ್ತಿದ್ದ ಕಥೆಗಳು. 2000ದ ಈಚೆಗೆ ಇನ್ನಷ್ಟು ಸೇರಿದವು. ಮಾವ ತೂತು ಬಿಟ್ಟು ಅದರ ಪಕ್ಕಕ್ಕೆ ಡಾಂಬರು ಬಳಿದದ್ದು, ಬಟ್ಟೆ ಒಣಹಾಕುವ ಕಂಬಕ್ಕೆ ಡಿಕ್ಕಿ ಹೊಡೆದು ಕ್ಷಮಿಸಿ ಎಂದದ್ದು, ಎಲೆಯ ಎಡಗಡೆ ಬಡಿಸಿದ ಪಲ್ಯ ಮುಟ್ಟದೆ ಪಲ್ಯ ಹಾಕಲಿಲ್ಲವೆಂದು ಮುನಿಸಿಕೊಂಡದ್ದು. ನಾವು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನಕ್ಕವರಲ್ಲಿ ಒಬ್ಬರಿಗಾದರೂ ಇದೇನೆಂದು ಹೊಳೆಯಬೇಡವೇ? ನನಗಂತೂ ಹೊಳೆಯಲಿಲ್ಲ. 

2004ರ ಹಿಂಗಾರಿನಲ್ಲಿ ಒಂದು ಬೆಳಿಗ್ಗೆ, ಮಳೆ ಬಿಡುವು ಕೊಟ್ಟ ಹೊತ್ತಿನಲ್ಲಿ ಮಾವ ಡಾಂಬರಿನ ಡಬ್ಬಿ ಹಿಡಿದು ಸೂರು ಹತ್ತಿದರು. ತಗಡು ಮುಗಿದ ಮೇಲೂ ಒಂದು ಹೆಜ್ಜೆ ಇಟ್ಟರು. ಕೆಳಗೆ ಬಟ್ಟೆ ಒಗೆಯುವ ಕಲ್ಲಿತ್ತು. ಸೊಂಟದ ಮೂಳೆ ಮುರಿಯಿತು.

ನಾನಿರುವುದು ತುಮಕೂರಿನಲ್ಲಿ. ಆಸ್ಪತ್ರೆಗೆ ಸೇರಿಸಿದವನೂ ನಾನೇ. ಮೂಳೆ ಡಾಕ್ಟರು ಮಾತಾಡಿಸುತ್ತಾ ಮುಖದ ಪಕ್ಕದಲ್ಲಿ ಬೆರಳಾಡಿಸಿದರು. ಮಾವ ಗಮನಿಸಲಿಲ್ಲ. ಸಂಜೆಗೆ ಕಣ್ಣಿನ ಡಾಕ್ಟರು ಬಂದು ನೋಡಿ ನನ್ನನ್ನು ಹೊರಗೆ ಕರೆದರು. ಕಣ್ಣಿನೊಳಗಿನ ಒತ್ತಡ ನರವನ್ನು ತಿಂದುಹಾಕಿದೆ, ಒಂದು ಕಣ್ಣು ಹೋಗಿ ವರ್ಷಗಳೇ ಆಗಿವೆ, ಇನ್ನೊಂದರಲ್ಲಿ ಬೀಗದ ಕಿಂಡಿಯಷ್ಟು ಮಸುಕು ಬೆಳಕು ಉಳಿದಿದೆ, ಅದೂ ಉಳಿಯುವುದಿಲ್ಲ, ಹೋದದ್ದು ಬರುವುದಿಲ್ಲ ಎಂದರು.

ಒಳಗೆ ಬಂದು, ಯಾವಾಗಿನಿಂದ ಎಂದು ಕೇಳಿದೆ. ಮಾವ ಗೋಡೆಯ ಕಡೆ ಮುಖ ಮಾಡಿಕೊಂಡೇ, ಚುಕ್ಕಿ ಕಾಣದೆ ನಾಲ್ಕು ವರ್ಷ ಆಯಿತು ಎಂದರು. ಹಾಗಿದ್ದರೆ ಈ ಸೂರು ಹತ್ತುವುದೇಕೆ ಎಂದು ನನಗೆ ಸಿಟ್ಟೇ ಬಂತು.

"ನನ್ನ ಕಣ್ಣು ಹೋದ್ರೆ ಹೋಗ್ಲಿ ಬುಡು. ಕನ್ನಡಿ ಏನ್ಲಾ ತಪ್ಪು ಮಾಡೈತೆ? ಅದ್ಯಾಕೆ ನೆನೀಬೇಕು?" ಎಂದರು.

ಹೊರಗೆ ಬೆಂಚಿನ ಮೇಲೆ ಅತ್ತೆ ಕೂತಿದ್ದರು. ಹೇಗೆ ಹೇಳುವುದೆಂದು ನಾನು ಮಾತು ಸುತ್ತಿ ಬಳಸುತ್ತಿದ್ದೆ. ಅವರೇ ತಡೆದು, ತನಗೆ ಗೊತ್ತು ಎಂದರು. ಮಾವನ ಪುಸ್ತಕದಲ್ಲಿ ಬರೆದ ಸಾಲಿನ ಮೇಲೆಯೇ ಇನ್ನೊಂದು ಸಾಲು ಬೀಳತೊಡಗಿದಾಗಲೇ ತಿಳಿಯಿತಂತೆ. ಒಮ್ಮೆ ಕಣ್ಣಾಸ್ಪತ್ರೆಗೆ ಹೋಗೋಣವೆಂದು ಬಾಯಿಬಿಟ್ಟು ಕೇಳಿದರೆ, ಮಾವ ಎರಡು ದಿನ ಊಟ ಬಿಟ್ಟರಂತೆ. ಮತ್ತೆ ದಿನಾ ಆ ಕೋಳಿಗೂಡಿಗಾಗಿ ಅಷ್ಟೊಂದು ಬೈಯುತ್ತಿದ್ದಿರಲ್ಲ ಎಂದೆ.

"ಬಯ್ಯೋದು ನಿಲ್ಲಿಸಿದ್ರೆ, ನಂಗೆ ಗೊತ್ತಾಗೈತೆ ಅಂತ ಅವ್ರಿಗೆ ಗೊತ್ತಾಗ್ತಿತ್ತು ಕಣೋ" ಎಂದರು ಅತ್ತೆ.

ಮಾವ ಮನೆಗೆ ಬರುವ ಹೊತ್ತಿಗೆ ಆ ಮಸುಕು ಬೆಳಕೂ ಆರಿತ್ತು. ನಡೆಯಲು ಕೋಲು ಬೇಕಾಯಿತು. ನೆಂಟರೆಲ್ಲ ಸೇರಿ ವೀಕ್ಷಣಾಲಯ ಕೆಡವಿ ತಗಡನ್ನು ಗುಜರಿಗೆ ಹಾಕುವುದೆಂದು ತೀರ್ಮಾನಿಸಿದರು. ಅತ್ತೆ ಒಬ್ಬರೇ, ಸೂರು ರಿಪೇರಿಯಾಗಬೇಕು ಎಂದರು. ಅವರ ಬಾಯಲ್ಲಿ ಆ ಮಾತು ಕೇಳಿ ನೆಂಟರು ಕಾಫಿ ಕುಡಿದು ಎದ್ದುಹೋದರು.

ಬೇಸಿಗೆ ಬರುತ್ತಲೇ, ಬಸ್ ಸ್ಟ್ಯಾಂಡ್ ಹತ್ತಿರ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಬಾಷಾ ಸಾಬರು ಬಂದರು. ಹಳೆಯ ತಗಡು, ಗೋಣಿ, ರಬ್ಬರ್ ಪಟ್ಟಿ, ಹದಿಮೂರು ವರ್ಷದ ಡಾಂಬರು ಎಲ್ಲ ಕಿತ್ತರು. ಹೊಸ ತಗಡನ್ನು ನೀರು ನಿಲ್ಲದಂತೆ ಓರೆಯಾಗಿ ಕೂರಿಸಿ, ಅಂಚು ಕೆಳಕ್ಕೆ ಮಡಚಿದರು. ಮಾವ ಒಳಗೆ ಕುರ್ಚಿ ಹಾಕಿಸಿಕೊಂಡು ಕೂತರು. ನಾನು ಏಣಿ ಹತ್ತಿ ಬಿಂದಿಗೆಯಿಂದ ನೀರು ಸುರಿಯಬೇಕು, ಅವರು ಅಂಗೈ ಚಾಚಿ ಕಿವಿಗೊಟ್ಟು ಕೂರಬೇಕು. ಬಾಷಾ ಸಾಬರು ಕಣ್ಣಿಟ್ಟು ಹುಡುಕಿ ಎಲ್ಲೂ ಇಲ್ಲವೆಂದ ತೂತನ್ನು ಮಾವ ಕೂತಲ್ಲಿಂದಲೇ ಕೋಲೆತ್ತಿ ತೋರಿಸಿದರು. ಬಾಷಾ ಸಾಬರು ಅಲ್ಲಿಗೊಂದು ಬೆಸುಗೆಯ ಟಾಕು ಹಾಕಿದರು. ಮೂರನೆಯ ದಿನ ಹನ್ನೆರಡು ಬಿಂದಿಗೆ ಸುರಿದೆ. ಮಾವನ ಅಂಗೈ ಒಣಗಿಯೇ ಇತ್ತು.

ಅವತ್ತು ಕತ್ತಲಾಗುತ್ತಲೇ ಸೂರು ತಳ್ಳಿದೆವು. ಶನಿ ನೆತ್ತಿಯ ಹತ್ತಿರವಿತ್ತು. ಮಾವ ಹೇಳಿಕೊಟ್ಟಂತೆ ನಾನು ದುರ್ಬೀನು ತಿರುಗಿಸಿ ಗ್ರಹವನ್ನು ಹಿಡಿದು, ಕಣ್ಣಿಡಲು ಬಗ್ಗಿದೆ. ಮಾವ ನನ್ನ ತೋಳು ಹಿಡಿದು ಪಕ್ಕಕ್ಕೆ ಸರಿಸಿ, ಅತ್ತೆಯನ್ನು ಕರೆಯಲು ಹೇಳಿದರು. ಅಷ್ಟು ವರ್ಷದಲ್ಲಿ ಅತ್ತೆ ಒಮ್ಮೆಯೂ ಅದರೊಳಗೆ ನೋಡಿದವರಲ್ಲ. ಕೈ ಒರೆಸಿಕೊಂಡು ಬಂದು, ಒಂದು ಕಣ್ಣು ಸೆರಗಿನಲ್ಲಿ ಮುಚ್ಚಿ ಬಗ್ಗಿದರು. 

"ಏನ್ ಕಾಣ್ತದೆ?" ಮಾವ ಕೇಳಿದರು.

"ಬೋಗುಣಿ ಥರ ಐತೆ ಕಣ್ರೀ. ಎರಡು ಕಡೆ ಹಿಡಿ. ಬಣ್ಣ ಹಸುವಿನ ತುಪ್ಪದ್ದು."

ಆಮೇಲೆ ಅತ್ತೆ ನಿಲ್ಲಿಸದೆ ಹೇಳತೊಡಗಿದರು. ಪಕ್ಕದಲ್ಲೊಂದು ಸಣ್ಣ ಚುಕ್ಕಿ ಇದೆ, ಈಗ ಅದು ಮಿನುಗಿತು, ಹಿಡಿ ಸ್ವಲ್ಪ ಓರೆಯಾಗಿದೆ. ಭೂಮಿ ತಿರುಗುತ್ತಿರುತ್ತದಲ್ಲ, ದುರ್ಬೀನನ್ನು ಆಗಾಗ ಸರಿಸದಿದ್ದರೆ ಗ್ರಹ ಒಂದೆರಡು ನಿಮಿಷದಲ್ಲಿ ಜಾರಿ ಮರೆಯಾಗುತ್ತದೆ. ಅತ್ತೆಗೆ ಅದನ್ನು ಸರಿಸಲು ಬರುತ್ತಿರಲಿಲ್ಲ. ನಾನೂ ಮರೆತು ನಿಂತಿದ್ದೆ. ಹತ್ತು ನಿಮಿಷವಾದರೂ ಆಗಿತ್ತು, ಕಣ್ಣಿನ ಮುಂದೆ ಬರೀ ಕತ್ತಲು ಇಟ್ಟುಕೊಂಡು ಅತ್ತೆ ಬಣ್ಣ ಹೇಳುತ್ತಿದ್ದರು.

ಇದು ಯಾರಿಗೆ ತಿಳಿಯದಿದ್ದರೂ ಮಾವನಿಗೆ ತಿಳಿಯದ್ದಲ್ಲ. ನನ್ನ ಕೈ ದುರ್ಬೀನಿನ ಕಡೆಗೆ ಹೋದದ್ದು ಹೇಗೆ ಗೊತ್ತಾಯಿತೋ, ಕೋಲನ್ನು ಮೆಲ್ಲಗೆ ಅಡ್ಡ ಇಟ್ಟರು.

"ಹೂಂ," ಎಂದರು ಅತ್ತೆಗೆ. "ಆಮೇಲೆ?"