ಕಮಾನಿನ ಮೇಲಿನ ಹೆಬ್ಬೆಟ್ಟು

ಗಾರೆ ಮೇಸ್ತ್ರಿಯ ಬಾಯಿ ಸುಮ್ಮನಿರುವ ಬಾಯಲ್ಲ. ತಾಪತ್ರಯ ಶುರುವಾದದ್ದೇ ಅಲ್ಲಿಂದ. ಪಕ್ಕದ ಮನೆಯ ಮೇಷ್ಟ್ರು ಪಾಳುಮಠದ ಕಮಾನಿನ ಫೋಟೋ ತೋರಿಸಿ, "ಎಂಟುನೂರು ವರ್ಷದ್ದು! ಹೆಂಗೆ ನಿಂತಿದೆ ನೋಡಿ" ಎಂದರು.

"ಎಂಟುನೂರಾ? ನಲವತ್ತು! ಬಿದ್ದುಹೋಗಿದ್ದನ್ನ ಎತ್ತಿ ನಿಲ್ಲಿಸಿದ್ದು ನಾನು."

ಭಾನುವಾರ ಇಡೀ ಬೀದಿ ಮೇಸ್ತ್ರಿಯನ್ನು ಮದುಮಗನಂತೆ ಮುಂದಿಟ್ಟುಕೊಂಡು, ಪಾಳುಮಠದ ಸುತ್ತ ಈಗ ಮಾಡಿರುವ ಉದ್ಯಾನಕ್ಕೆ ಹೊರಟಿತು.

ಆ ಕಾಲದಲ್ಲಿ ಅಲ್ಲಿ ಮುಳ್ಳುಪೊದೆ, ಸುಣ್ಣದ ಗುಂಡಿ, ಒಂದು ದೊಡ್ಡ ಮರ ಅಷ್ಟೇ. ಈಗ ಮೊನ್ನೆಯಷ್ಟೇ ಕ್ಷೌರ ಮಾಡಿಸಿಕೊಂಡಂಥ ಹುಲ್ಲು, ಕಾರಂಜಿ, ಸಾಲು ಬೆಂಚು. ಮರ ಮಾತ್ರ ಅದೇ. ಮೇಸ್ತ್ರಿ ಅದರ ಬುಡ ಸವರಿ ಹೆಂಡತಿಯ ಕಡೆ ತಿರುಗಿದ.

"ನೆನಪಿದೆಯೇನೇ? ನೀನು ಗಾರೆ ಬಾಂಡ್ಲಿ ಹೊತ್ಕೊಂಡು ಬರ್ತಿದ್ದೆ, ನಾನು ನೋಡ್ತಿದ್ದೆ."

"ನೆರಳಲ್ಲಿ ಮಲಗಿ ನೋಡ್ತಿದ್ರಿ," ಎಂದಳು ಹೆಂಡತಿ.

ಕಮಾನಿನ ಮುಂದೆ ಮೇಷ್ಟ್ರು ಕೈಕಟ್ಟಿ ನಿಂತರು. "ಸಾಕ್ಷಿ?"

"ಕಲ್ಲುಗಳ ಕೊನೇ ಸಂದಿಗೆ ಗಾರೆ ತುಂಬಿದವನು ಹಸಿ ಗಾರೆ ಮೇಲೆ ಹೆಬ್ಬೆಟ್ಟು ಒತ್ತೋದು ನಮ್ಮ ಗುಂಪಿನ ಪದ್ಧತಿ. ಇಲ್ಲಿರೋದು ನಂದು. ಸುಳ್ಳಾದ್ರೆ ಇನ್ಮೇಲೆ ಮೆಟ್ಟಿಲ ಮೇಲೆ ಕೂತು ಹಳೇ ಕತೆ ಹೇಳಲ್ಲ, ಹೋಗಿ!"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಹಳೇ ಕತೆ ಹೇಳದಿದ್ದರೆ ಅವನಿಗೆ ಸಂಜೆಯೇ ಆಗುತ್ತಿರಲಿಲ್ಲ.

ಗುರುತು ಹುಡುಕಲು ಕಮಾನಿನ ಬುಡದ ಕಟ್ಟೆ ಹತ್ತಿದ್ದೇ ತಡ, ಕಾವಲುಗಾರ ಸೀಟಿ ಊದಿದ. "ಏಯ್ ಅಜ್ಜಾ, ಇಳೀರಿ! ಪುರಾತನ ಕಟ್ಟಡ ಅದು!"

"ಪುರಾತನ ನಾನು ಕಣಪ್ಪಾ, ಅದಲ್ಲ!"

ಹಿಂಬದಿಯಲ್ಲಿ ಗುರುತು ಸಿಕ್ಕೇಬಿಟ್ಟಿತು! ಜನ ಚಪ್ಪಾಳೆ ತಟ್ಟಿದರು. ಮೇಷ್ಟ್ರು ಮಾತ್ರ ಬಿಡಲಿಲ್ಲ. "ಎಲ್ಲಿ, ಬೆರಳಿಡಿ."

ಇಟ್ಟ. ತುಂಬಿದ ಬಸ್ಸಿಗೆ ನುಗ್ಗುವ ದಢೂತಿಯಂತೆ ಹೆಬ್ಬೆಟ್ಟು ಬಾಗಿಲಲ್ಲೇ ನಿಂತಿತು.

"ವಯಸ್ಸಾಯ್ತಲ್ಲ... ಊದಿದೆ."

"ಒಂದೇ ಬೆರಳಿಗೆ ವಯಸ್ಸಾಯ್ತಾ?"

ಎಲ್ಲರೂ ಘೊಳ್ಳೆಂದು ನಕ್ಕರು. ಗಂಡನ ಮುಖ ಬಾಡಿದ್ದನ್ನು ನೋಡಲಾರದೆ ಹೆಂಡತಿ ಚೀಲ ಕೆಳಗಿಟ್ಟು, ಕಟ್ಟೆ ಹತ್ತಿ, ತನ್ನ ಹೆಬ್ಬೆಟ್ಟು ಇಟ್ಟಳು. ಡಬ್ಬಿಗೆ ಮುಚ್ಚಳ ಕೂತ ಹಾಗೆ ಕೂತಿತು.

"ಇವರು ಹೇಳಿದ್ದು ನಿಜ ಮೇಷ್ಟ್ರೇ, ಕಮಾನು ನಮ್ಮದೇ. ಅವತ್ತು ಉಂಡು ಮಲಗಿದವರು ಏಳ್ಲಿಲ್ಲ, ಗಾರೆ ಒಣಗ್ತಿತ್ತು, ಕೊನೇ ಸಂದು ನಾನೇ ತುಂಬಿದೆ. ಎದ್ದು 'ನಾನೇ' ಅಂದ್ರು. ಹೇಳಿ ಹೇಳಿ ಪಾಪ, ಅವರೇ ನಂಬಿಬಿಟ್ರು."

ಅಂದಿನಿಂದಲೂ ಸಂಜೆ ಮೆಟ್ಟಿಲ ಮೇಲೆ ಜನ ಸೇರುತ್ತಾರೆ, ಹಳೇ ಕತೆ ನಿಂತಿಲ್ಲ.

"ಆಮೇಲೆ ಏನಾಯ್ತು, ಮೇಸ್ತ್ರಮ್ಮಾ?" ಎನ್ನುತ್ತಾರೆ ಮೇಷ್ಟ್ರು.

"ಇರಿ, ಹೇಳ್ತೀನಿ," ಎಂದು ಅವಳು ಒಳಗೆ ತಿರುಗಿ ಕೂಗುತ್ತಾಳೆ, "ರೀ, ಟೀ ಆಯ್ತಾ?"